ಬಿಳಿ ಕಾರಿನ ಬುಗುರಿ ಸುಟ್ಟ ಬೇಸಿಗೆ

ಹೋದ ತಿಂಗಳು ಮೊಮ್ಮಗಳ ಕಾರಿನಲ್ಲಿ ಸಂಡೂರಿಗೆ ಹೋಗಿದ್ದೆ. ಘಾಟಿ ಹತ್ತಿ ಮೇಲೆ ಬಂದಾಗ ಯಾರೋ ಹುಡುಗರು ಒಂದು ಜೀಪು ನಿಲ್ಲಿಸಿ, ಬೆಟ್ಟವನ್ನು ಬೆನ್ನಿಗಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರ ಪಕ್ಕ ಹಾಯುವಾಗ ಗಪ್ಪನೆ ವಾಸನೆ ಹೊಡೆಯಿತು. ಸೀದ ಎಣ್ಣೆ. ಅಡುಗೆಮನೆಯದಲ್ಲ, ಇಂಜಿನ್ನಿನದು.

"ಏನ್ ವಾಸ್ನಿ ಅಜ್ಜಿ ಅದು?" ಎಂದಳು ಮೊಮ್ಮಗಳು.

"ಟರ್ಬೊ ಸುಡಾಕತ್ತೈತಿ. ಘಾಟಿ ತುಂಬ ಜೋರ್ ಓಡಿಸ್ಕೊಂಡು ಬಂದ್ರು, ಟಕ್ಕನ ಬಂದ್ ಮಾಡಿದ್ರು, ಈಗ ಹಲ್ ಕಿಸ್ಕೊಂಡು ನಿಂತಾರ."

"ಹೇಳೂಣೇನು ಅವರಿಗೆ?"

"ನಡಿ ನಡಿ. ಒಮ್ಮೆ ಹೇಳಿ ಸಾಕಾಗೈತಿ."

ಒಮ್ಮೆ ಹೇಳಿದ್ದು ಯಾರಿಗೆ, ಹೇಳಿದ್ದರಿಂದ ಏನಾಯಿತು ಅಂತ ಅವಳು ಊರು ಮುಟ್ಟುವ ತನಕ ಪೀಡಿಸಿದಳು. ಅವಳಿಗೆ ಹೇಳಿದ್ದೇ ಇದು.

ಗಣಿ ಜೋರಾಗಿದ್ದ ಕಾಲ ಅದು. ಸಂಡೂರಿನ ಬೆಟ್ಟಗಳಿಂದ ಅದಿರು ಇಳಿಸುವ ಲಾರಿಗಳು ಹೊಸಪೇಟೆಯ ರಸ್ತೆಯಲ್ಲಿ ಒಂದರ ಬಾಲಕ್ಕೆ ಇನ್ನೊಂದು ಮೂತಿ ತಾಗಿಸಿಕೊಂಡು ಹೋಗುತ್ತಿದ್ದವು. ಒಲೆಯ ಮೇಲೆ ಚಹದ ನೀರಿಟ್ಟು ಆಚೆ ಅಂಗಡಿಗೆ ಬೆಲ್ಲಕ್ಕೆ ಹೋದವಳು, ಆ ನೀರು ಬತ್ತಿಹೋದರೂ ರಸ್ತೆ ದಾಟಲಾಗದೆ ಆಚೆಯೇ ನಿಂತಿರಬೇಕು. ಮೊಸರಿನ ಕೆನೆ ಕೆಂಪು, ಒಣಹಾಕಿದ ಹಪ್ಪಳ ಕೆಂಪು, ಕಾಲುವೆ ದಂಡೆಯ ಬಾಳೆ ಎಲೆ ಕೆಂಪು. ಬಿಳಿ ಸೀರೆ ಉಡುವ ಮುದುಕಿಯರೆಲ್ಲ ಆ ವರ್ಷಗಳಲ್ಲಿ ಕಾವಿ ಉಟ್ಟ ಸನ್ಯಾಸಿನಿಯರಂತೆ ಕಾಣುತ್ತಿದ್ದರು. ಧೂಳಿಗೆ ಬೈಯುವವರು ಬೈಯಲಿ, ನಾನು ಬೈಯುವುದಿಲ್ಲ. ನಮ್ಮ ಮನೆಯ ಒಲೆ ಉರಿದದ್ದು ಆ ಧೂಳಿನಿಂದ. ಧೂಳು ಹೋಗಿ ಲಾರಿಯ ಟರ್ಬೊ ತಿನ್ನುತ್ತಿತ್ತು, ತಿಂದ ಟರ್ಬೊ ನಮ್ಮ ಗ್ಯಾರೇಜಿಗೆ ಬರುತ್ತಿತ್ತು.

ಗ್ಯಾರೇಜು ನನ್ನ ಗಂಡ ಬಸಣ್ಣನದು. ಸಂಡೂರು ರಸ್ತೆಯ ಪಕ್ಕ ಒಂದು ತಗಡಿನ ಶೆಡ್ಡು. ತಗಡು ನಮ್ಮದು, ನೆಲ ಸಾವ್ಕಾರರದು. ಸಾವ್ಕಾರರು ಅಂದರೆ ಗಣಿಯ ಧಣಿ. ಅವರ ಲಾರಿಗಳೆಲ್ಲ ನಮ್ಮಲ್ಲೇ ರಿಪೇರಿ, ಅದಕ್ಕೆ ನೆಲ ಬಿಟ್ಟುಕೊಟ್ಟಿದ್ದರು. ಬರೀ ಬಾಯಿಮಾತಿನ ಮೇಲೆ. ಒಳ್ಳೆಯವರೇ, ತಮ್ಮ ಮಾತು ನಡೆಯುವ ತನಕ.

ನಾನು ಮೆಟ್ರಿ ಅನ್ನುವ ಹಳ್ಳಿಯವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಗ್ಯಾರೇಜಿಗೆ ಬುತ್ತಿ ಕೊಡಲು ಹೋಗುತ್ತಿದ್ದವಳು, ಸುಮ್ಮನೆ ಕೂರಲಾರದೆ ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯತೊಡಗಿದೆ. ತೊಳೆಯುತ್ತ ತೊಳೆಯುತ್ತ ಯಾವುದು ಸವೆದಿದೆ, ಯಾವುದು ಇಲ್ಲ ಅಂತ ಬೆರಳಿಗೆ ತಿಳಿಯತೊಡಗಿತು. ನಮ್ಮ ಯಜಮಾನರಿಗೆ ಇಂಜಿನ್ನುಗಳ ಪಕ್ಕ ನಿಂತು ನಿಂತು ಕಿವಿ ಹೋಗಿತ್ತು. ಸದ್ದು ಕೇಳಿ ರೋಗ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಟರ್ಬೊ ಪೂರ್ತಿ ನನ್ನ ಕೈಗೇ ಬಂತು. "ಬಸಣ್ಣನ ಹೆಂಡ್ತಿ ಕೈಯಾಗ ಬಳಿ ಇಲ್ಲ, ಗ್ರೀಸ್ ಐತಿ" ಅಂತ ಓಣಿಯ ಹೆಂಗಸರು ಆಡಿಕೊಂಡರು. ಇತ್ತು. ಬಳೆಯೂ ಇತ್ತು, ಕೆಲಸಕ್ಕೆ ಕೂರುವಾಗ ಮೊಳೆಗೆ ನೇತುಹಾಕುತ್ತಿದ್ದೆ.

ಟರ್ಬೊ ಅಂದರೆ ದೊಡ್ಡ ಮಾಯೆ ಏನಲ್ಲ. ಒಂದು ದಂಡ, ಅದರ ಎರಡು ತುದಿಗೆ ಎರಡು ಸಣ್ಣ ಗಾಳಿಚಕ್ರ. ಇಂಜಿನ್ನು ಬಿಡುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತದೆ. ಅದರ ಜೊತೆ ತಿರುಗುವ ಇನ್ನೊಂದು, ಹೊರಗಿನ ಗಾಳಿ ಎಳೆದು ಇಂಜಿನ್ನಿನ ಬಾಯಿಗೆ ತುರುಕುತ್ತದೆ. ಗಾಳಿ ಹೆಚ್ಚಾದಷ್ಟೂ ಬಲ ಹೆಚ್ಚು. ಅದು ತಿರುಗುವ ವೇಗ ಕಣ್ಣಿಗೆ ಕಾಣುವಂಥದ್ದಲ್ಲ. ನಡುವಿನ ದಂಡ ಎಣ್ಣೆಯ ತೆಳು ಪೊರೆಯ ಮೇಲೆ ತೇಲುತ್ತಿರುತ್ತದೆ. ಎಣ್ಣೆ ನಿಂತರೆ ಅದರ ಕಥೆ ಮುಗಿಯಿತು. ನಮ್ಮ ಶೆಡ್ಡಿನಲ್ಲಿ ಅದಕ್ಕೆ ಬುಗುರಿ ಅನ್ನುತ್ತಿದ್ದೆವು.

ಯುಗಾದಿ ಕಳೆದು ಬಿಸಿಲು ಏರಿದ ಒಂದು ದಿನ ಸಾವ್ಕಾರರ ಮಗ ವಿನಯ ತನ್ನ ಕಾರು ತಂದ. ಎರಡೇ ಬಾಗಿಲಿನ, ನೆಲಕ್ಕೆ ಅಂಟಿದಂಥ ಜಪಾನಿನ ಕಾರು. ಓಟಕ್ಕೆ ಅಂತಲೇ ಮಾಡಿದ್ದು. ಹಳೆಯದು, ಮುಂಬೈಯಲ್ಲಿ ಯಾರೋ ಓಡಿಸಿ ಬಿಟ್ಟದ್ದು. ಬಣ್ಣ ಬಿಳಿ. ಆ ಕಾಲದ ಹೊಸಪೇಟೆಗೆ ಬಿಳಿ ಕಾರು ತಂದವನ ಬುದ್ಧಿಗೆ ಏನನ್ನಬೇಕು!

"ಅಮ್ಮಾ, ಬಸಣ್ಣಾರು ಇಲ್ಲೇನ್ರಿ?"

"ಅದಾರ. ಕಿವಿ ಇಲ್ಲ. ನನಗ ಹೇಳ್ರಿ."

"ಟರ್ಬೊ ಹೋಗೇತಂತ್ರಿ."

"ಯಾರಂದ್ರು?"

"ಎಲ್ಲಾರೂ ಅಂತಾರ್ರಿ."

"ಎಲ್ಲಾರೂ ಕೈಯಿಟ್ಟು ನೋಡ್ಯಾರೇನು, ದೂರ ನಿಂತು ಅಂದಾರೇನು?"

ಹುಡುಗ ನಕ್ಕ. ಕೆಟ್ಟವನಲ್ಲ. ಗಣಿ ಧಣಿಗಳ ಮಕ್ಕಳಲ್ಲಿ ನಗುವವರು ಕಡಿಮೆ, ಇವನು ನಗುತ್ತಿದ್ದ.

ಚಾಲೂ ಮಾಡಿಸಿದೆ. ಹಿಂದಿನಿಂದ ನೀಲಿ ಹೊಗೆ. ಕಪ್ಪಾದರೆ ಗಾಳಿ ಸಾಲದು, ಬಿಳಿಯಾದರೆ ನೀರು, ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ಬುಗುರಿಗೆ ಒಂದು ಸಣ್ಣ ಸಿಳ್ಳೆ ಇರಬೇಕು. ಇದಕ್ಕೆ ಸಿಳ್ಳೆಯ ಕೆಳಗೆ ಒಂದು ಗೋಳು ಇತ್ತು. ಮೊದಲು ಗಾಳಿಯ ಫಿಲ್ಟರ್ ತೆಗೆದು ನೆಲಕ್ಕೆ ಬಡಿದೆ. ಒಂದು ಬೊಗಸೆ ಕೆಂಪು ಪುಡಿ ಬಿತ್ತು. ಮೂಗು ಕಟ್ಟಿದರೂ ಬುಗುರಿ ಎಣ್ಣೆ ಕುಡಿಯುತ್ತದೆ, ಅದಕ್ಕೆ ಮೊದಲು ಮೂಗು ಬಿಡಿಸಿ ನೋಡಬೇಕು. ಹೊಸ ಫಿಲ್ಟರ್ ಹಾಕಿದಾಗ ಹೊಗೆ ಸ್ವಲ್ಪ ಇಳಿಯಿತು, ಗೋಳು ಇಳಿಯಲಿಲ್ಲ. ಆಮೇಲೆ ಪೈಪು ಬಿಚ್ಚಿ, ದಂಡದ ತುದಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಅಲುಗಿಸಿದೆ. ಅಡ್ಡಕ್ಕೆ ಕೂದಲೆಳೆಯಷ್ಟು ಅಲುಗಿದರೆ ನಡೆಯುತ್ತದೆ. ಒಳಗೆ ಹೊರಗೆ ಆಡಬಾರದು. ಇದು ಸಡಿಲ ಹಲ್ಲಿನಂತೆ ಆಡಿತು. ಚಕ್ರದ ಅಂಚು ಉಜ್ಜಿ ಉಜ್ಜಿ ಅದು ಕೂರುವ ಗೂಡಿನ ಗೋಡೆಯಲ್ಲಿ ಬಳೆಯಂಥ ಹೊಳಪಿನ ಗೆರೆ ಬಿದ್ದಿತ್ತು.

"ಹೌದು, ಹೋಗೇತಿ" ಎಂದೆ. "ಎಲ್ಲಾರೂ ಅಂದಿದ್ದಕ್ಕಲ್ಲ. ಈಗ ಹೋಗೇತಿ."

ಪಕ್ಕದಲ್ಲಿ ಲೇಥ್ ಇಟ್ಟುಕೊಂಡಿದ್ದ ಖಾದರ್ ದಂಡ ಅಳೆದು, ದಂಡ ಚಲೋ ಇದೆ, ಅದನ್ನು ಹಿಡಿದಿರುವ ಬುಷ್ಷುಗಳು ಸವೆದಿವೆ ಅಂದ. ಬುಷ್ಷು, ವಾಷರು, ಎಣ್ಣೆ ತಡೆಯುವ ರಿಂಗು, ಅಂಚು ಸವೆದ ಗಾಳಿಚಕ್ರ, ಇಷ್ಟು ಹೊಸದು ಬೇಕಿತ್ತು. ವಿನಯ ಮುಂಬೈಯಿಂದ ತರಿಸಿದ. ದಂಡ ಮತ್ತು ಚಕ್ರವನ್ನು ಹುಬ್ಬಳ್ಳಿಗೆ ಕಳಿಸಿ ತೂಕ ಸಮ ಮಾಡಿಸಿ ತರಿಸಿಕೊಂಡೆವು. ತೂಕವಾಗಿ ಬಂದದ್ದನ್ನು ಮತ್ತೆ ಬಿಚ್ಚುವ ಮೊದಲು ಯಾವುದಕ್ಕೆ ಯಾವುದು ಎದುರು ಅಂತ ಗುರುತು ಹೊಡೆದೆ. ಆ ಗುರುತಿಗೇ ಮತ್ತೆ ಕೂರಿಸಬೇಕು, ಇಲ್ಲದಿದ್ದರೆ ಮಾಡಿಸಿದ ತೂಕ ಮಣ್ಣುಪಾಲು.

ಹುಡುಗ ಪ್ರತಿದಿನ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಒಮ್ಮೆ ನಾನು ಮುಖ ತೊಳೆಯಲು ಹೋದಾಗ ತಾನೇ ಪಾನಾ ತೆಗೆದುಕೊಂಡು ಚಕ್ರದ ನಟ್ಟಿಗೆ ಕೈಹಾಕಿದ್ದ. ಓಡಿ ಬಂದು ಕೈಮೇಲೆ ಹೊಡೆದೆ.

"ಬಿಡು ಲೇ! ಉಲ್ಟಾ ತಿರುಪು ಅದು! ಬಿಗೀತೀನಿ ಅಂತ ಬಿಚ್ಚಾಕತ್ತೀದಿ!"

"ನನಗ ಯಾರೂ ಹೊಡದಿಲ್ರಿ ಇಲ್ಲೀತನಕ" ಎಂದ ಕೈ ಉಜ್ಜಿಕೊಳ್ಳುತ್ತ.

"ಅದ ತಪ್ಪಾಗೇತಿ."

ಎಲ್ಲ ಕೂರಿಸಿ, ಬುಗುರಿಯ ಬಾಯಿಗೆ ಎಣ್ಣೆ ಹೊಯ್ದು, ಇಂಜಿನ್ನು ಹತ್ತದಂತೆ ವೈರು ಕಿತ್ತು, ಬರೀ ಸೆಲ್ಫ್ ಹೊಡೆಸಿ ಎಣ್ಣೆ ಒಳಗೆ ಇಳಿಯಿತು ಅಂತ ನೋಡಿಕೊಂಡು, ಆಮೇಲೆ ಚಾಲೂ ಮಾಡಿದೆವು. ಗೋಳು ಹೋಗಿತ್ತು. ಸಣ್ಣ ಸಿಳ್ಳೆ ಮಾತ್ರ. ವಿನಯ ನನ್ನನ್ನೂ ಕೂರಿಸಿಕೊಂಡು ತೋರಣಗಲ್ಲು ರಸ್ತೆಯಲ್ಲಿ ಓಡಿಸಿದ. ಯಾರೋ ಹಿಂದಿನಿಂದ ಬೆನ್ನಿಗೆ ಒದ್ದ ಹಾಗೆ ಕಾರು ಮುಂದಕ್ಕೆ ಚಿಮ್ಮಿತು.

"ಹೆಂಗೈತ್ರಿ ಅಮ್ಮ?"

"ಬುಗುರಿ ಮಸ್ತ್ ಐತಿ. ಕಾರಿನಾಗ ಲಾರಿ ಗಾಲಿ ಬಿಟ್ರ ಏನೂ ಕಾಣಂಗಿಲ್ಲ."

ಕೀಲಿ ಕೊಡುವಾಗ ಎಲ್ಲ ಡ್ರೈವರುಗಳಿಗೆ ಹೇಳುವ ಮಾತನ್ನೇ ಹೇಳಿದೆ. "ಘಾಟಿ ಹತ್ತಿ ಬಂದ್ರ, ಜೋರ್ ಓಡಿಸ್ಕೊಂಡು ಬಂದ್ರ, ಬಂಡಿ ಆರ್ಸಿ ಇಳೀರಿ." ಅವನು "ಆತ್ರಿ" ಅಂದ.

ಬಂಡಿ ಆರಿಸುವುದು ಅಂದರೆ ಏನು ಅಂತ ಆ ರಸ್ತೆಯ ಯಾವ ಲಾರಿಯವನಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಬಂದು ನಿಂತ ಮೇಲೆ ಇಂಜಿನ್ನನ್ನು ಮೆಲ್ಲಗೆ ಓಡಲು ಬಿಟ್ಟು, ಬೀಡಿ ಒಂದು ಸೇದಿ, ಬುಗುರಿಯ ಕಾವು ಇಳಿದ ಮೇಲೆ ಬಂದ್ ಮಾಡುವುದು. ಒಮ್ಮೆಲೇ ಬಂದ್ ಮಾಡಿದರೆ ಬುಗುರಿ ಇನ್ನೂ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ನಿಂತಿರುತ್ತದೆ. ನಿಂತ ಎಣ್ಣೆ ಆ ಕಾವಿಗೆ ಸೀದು ಕರಕಾಗುತ್ತದೆ.

ಆ ದಿನಗಳಲ್ಲೇ ವಿನಯನಿಗೆ ಕಂಪ್ಲಿಯಲ್ಲಿ ಹೆಣ್ಣು ನೋಡಿದ್ದರು. ಅಕ್ಕಿ ಗಿರಣಿಯವರ ಮಗಳು ಶೈಲಾ. ಹುಡುಗ ಏನಾದರೊಂದು ನೆವ ಮಾಡಿಕೊಂಡು ಕಮಲಾಪುರ ದಾಟಿ ಕಂಪ್ಲಿಗೆ ಕಾರು ಹಾರಿಸಿಕೊಂಡು ಹೋಗುತ್ತಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ಮಾತುಕತೆಗೆ ದೊಡ್ಡವರೆಲ್ಲ ಗಿರಣಿಯಲ್ಲಿ ಸೇರಿದ ದಿನ, ಊಟ ಮುಗಿಸಿ ಹೊರಡುವಾಗ ಕಾರು ಚಾಲೂ ಮಾಡಿದನಂತೆ. ಗಿರಣಿಯ ಅಂಗಳದಲ್ಲಿ ಭತ್ತ ಒಣಹಾಕಿದ್ದರು. ನೀಲಿ ಹೊಗೆ ಎದ್ದು ಅಂಗಳ ತುಂಬಿತು. ಭತ್ತ ಕೆದರುತ್ತಿದ್ದ ಹೆಂಗಸರು ಕೆಮ್ಮುತ್ತ ಓಡಿದರು. ಬೆಂಕಿ ಬಿತ್ತು ಅಂದುಕೊಂಡ ಹಮಾಲಿಯೊಬ್ಬ ಒಂದು ಕೊಡ ನೀರು ತಂದು ಕಾರಿನ ಮೂತಿಗೆ ಸುರಿದ. ಒಳಗೆ ಕೂತಿದ್ದ ಸಾವ್ಕಾರರ ಬಿಳಿ ಅಂಗಿಯೂ ನೆನೆಯಿತು. ಬೀಗರು ಆಗಬೇಕಾದವರು ನಕ್ಕರು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು.

ಮರುದಿನ ಸಾವ್ಕಾರರು ಶೆಡ್ಡಿಗೆ ಬಂದರು.

"ಬಸಣ್ಣಾ, ಹೆಂಡ್ತಿ ಕೈಯಾಗ ಕೆಲ್ಸ ಕೊಟ್ಟು ನನ್ನ ಮಾನ ಕಳದ್ಯಲ್ಲೋ."

"ಹೌದ್ರಿ ಸಾವ್ಕಾರ್ರ, ಭಾಳ ಸೆಕಿ" ಎಂದರು ನಮ್ಮವರು.

ಸಾವ್ಕಾರರು ನನ್ನ ಕಡೆ ತಿರುಗಿದರು. "ಶಂಕ್ರಮ್ಮ, ನಾಡಿದ್ದು ಕಂಪ್ಲಿಗೆ ಬರ್ರಿ ಇಬ್ರೂ. ಬೀಗರ ಮುಂದ, ತಪ್ಪು ನಮ್ಮ ಗ್ಯಾರೇಜಿಂದು ಅಂತ ಅಂದ್ಬಿಡ್ರಿ. ಅಷ್ಟ. ಇಲ್ಲಂದ್ರ ಶೆಡ್ ಬಿಡ್ರಿ. ನನಗೂ ಲಾರಿ ನಿಲ್ಸಾಕ ಜಾಗ ಬೇಕಾಗೈತಿ."

"ಮೊದ್ಲ ಬಿಚ್ಚಿ ನೋಡ್ತೀನ್ರಿ. ನಮ್ದಿದ್ರ ನಮ್ದು ಅಂತೀನಿ."

"ನೋಡೋದೇನೈತಿ ಅದ್ರಾಗ?"

"ನೋಡೋದ ಐತ್ರಿ ನಮ್ಮ ಕೆಲ್ಸ."

ಬಿಚ್ಚಿದೆವು. ನಮ್ಮದೇ ತಪ್ಪಾಗಿದ್ದರೆ ಅದು ಹೇಗೆ ಕಾಣುತ್ತದೆ ಅಂತ ನನಗೆ ಗೊತ್ತು. ಕಸ ಉಳಿಸಿದ್ದರೆ ಬುಷ್ಷಿನ ಮೇಲೆ ಗೀರು ಬೀಳುತ್ತದೆ. ತೂಕ ತಪ್ಪಿಸಿದ್ದರೆ ಒಂದೇ ಮಗ್ಗುಲು ಸವೆಯುತ್ತದೆ. ಬುಷ್ಷು ತಿರುಗಿಸಿ ತಿರುಗಿಸಿ ನೋಡಿದೆ. ಗೀರಿಲ್ಲ, ಮಗ್ಗುಲು ಸವೆದಿಲ್ಲ. ಆದರೆ ದಂಡದ ಮೇಲೆ, ಎಣ್ಣೆ ಬರುವ ತೂತಿನಲ್ಲಿ ಕರ್ರಗೆ ಗಟ್ಟಿಯಾದ ಕರಕು, ಬೆಲ್ಲದ ಪಾಕ ಸೀದು ಕೊಪ್ಪರಿಗೆಗೆ ಹತ್ತಿದ ಹಾಗೆ. ತೂತು ಮುಚ್ಚಿಹೋಗಿತ್ತು. ಖಾದರ್ ನೋಡಿ, "ಅಕ್ಕಾ, ಇದು ನಮ್ಮದಲ್ಲ. ಇದು ಸುಟ್ಟಿದ್ದು" ಅಂದ. ನಮ್ಮವರು ಉಗುರಲ್ಲಿ ಕೆರೆದು ಮೂಸಿದರು. ಕಿವಿ ಹೋಗಿದ್ದರೂ ಮೂಗು ನೆಟ್ಟಗಿತ್ತು. ತಲೆಯಾಡಿಸಿದರು. ಅವರಿಗೂ ತಿಳಿಯಿತು.

ಬುಗುರಿಯನ್ನು ಹಳೇ ಟವೆಲಿನಲ್ಲಿ ಸುತ್ತಿ, ಸಂತೆಯ ಚೀಲದಲ್ಲಿ ಹಾಕಿಕೊಂಡು ಕಂಪ್ಲಿ ಬಸ್ಸು ಹತ್ತಿದೆವು.

ಗಿರಣಿಯ ಮುಂದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಸಾವ್ಕಾರರು, ವಿನಯ, ಗಿರಣಿಯ ಯಜಮಾನರು, ಅವರ ಹೆಂಡತಿ ನೀಲಮ್ಮ. ಬಾಗಿಲ ಬಳಿ ಆ ಹುಡುಗಿ. ಗಿರಣಿಯ ಯಜಮಾನರು ಮಾತು ಕಡಿಮೆಯವರು, ಮನೆಯ ಮಾತೆಲ್ಲ ನೀಲಮ್ಮನದು ಅಂತ ಕುಂತ ಕೂಡಲೇ ಗೊತ್ತಾಯಿತು.

"ಇವರ್ರಿ ಆ ಗ್ಯಾರೇಜಿನವ್ರು" ಎಂದರು ಸಾವ್ಕಾರರು. "ಏನೋ ಹೇಳಾಕ ಬಂದಾರ. ಹೇಳಮ್ಮ."

ನಾನು ಚೀಲಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ನಮ್ಮವರು ನನ್ನ ಕಿವಿಯ ಹತ್ತಿರ ಬಾಗಿದರು. ತಾವು ಪಿಸುಗುಡುತ್ತಿದ್ದೇವೆ ಅಂದುಕೊಂಡಿದ್ದರು ಪಾಪ. ಕಿವುಡರ ಪಿಸುಮಾತು ಹಮಾಲಿಗಳ ತನಕ ಕೇಳಿಸಿತು.

"ಏ ಶಂಕ್ರಿ! ಅಂದ್ಬಿಡು! ತಪ್ಪು ನಮ್ದು ಅಂತ ಅಂದ್ರ ಶೆಡ್ ಉಳೀತೈತಿ! ಸುಟ್ಟಿದ್ದು ನಾವಲ್ಲ ಅಂತ ನನಗೂ ಗೊತ್ತೈತಿ, ಅಂದ್ಬಿಡು! ಮನಿಗೆ ಹೋಗಿ ಬೈಯುವಿಯಂತ!"

ಅಂಗಳದಲ್ಲಿ ಭತ್ತ ತುಂಬುತ್ತಿದ್ದವರ ಕೈ ನಿಂತಿತು. ಸಾವ್ಕಾರರು ಛಾವಣಿ ನೋಡಿದರು. ನೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡೇ, "ಬೀಗ್ರ, ಶೆಡ್ ಅಂದ್ರ ಯಾವುದ್ರಿ ಅದು?" ಎಂದರು.

"ಏನಿಲ್ರಿ, ಅದು ನಮ್ಮ ನಮ್ಮೊಳಗಿಂದು…"

"ನಿಮ್ಮ ಮುಂದ ತಪ್ಪು ಒಪ್ಕೊಂಡ್ರ ಶೆಡ್ ಇರ್ತೈತಿ, ಇಲ್ಲಂದ್ರ ಇಲ್ರಿ" ಎಂದೆ ನಾನು. "ಅದಿರ್ಲಿ. ಇದನ್ನ ನೋಡ್ರಿ."

ಟವೆಲು ಬಿಚ್ಚಿ ಬುಗುರಿಯನ್ನು ಜಮಖಾನೆಯ ಮೇಲಿಟ್ಟೆ. ಕರಕು ತೋರಿಸಿದೆ. ಎಣ್ಣೆ ಎಲ್ಲಿಂದ ಬರುತ್ತದೆ, ಹೇಗೆ ನಿಲ್ಲುತ್ತದೆ, ಹೇಗೆ ಸೀಯುತ್ತದೆ ಅಂತ ಹೇಳಿದೆ. "ಬಂಡಿ ಬಂದು ನಿಂತ ಕೂಡ್ಲೇ ಕೀಲಿ ತಿರುವಿದ್ರ ಹಿಂಗಾಗ್ತೈತಿ. ಅದಕ್ಕ ಆರ್ಸಿ ಇಳೀರಿ ಅಂತ ಮುಖಕ್ಕ ಮುಖ ಕೊಟ್ಟು ಹೇಳಿದ್ದೆ."

ವಿನಯ ನೆಟ್ಟಗೆ ಕೂತ. "ಅಮ್ಮಾ, ನಾ ಹಂಗ ಮಾಡೀನಲ್ರಿ! ಪ್ರತಿಸಲ ಆರ್ಸೇ ಇಳ್ದೀನಿ. ಇಲ್ಲಿ ಬಾಗ್ಲಿಗೆ ಬಂದ ಕೂಡ್ಲೇ ಮೊದ್ಲು ಇಂಜಿನ್ ಆರ್ಸೋದು, ಆಮ್ಯಾಲೆ ಇಳಿಯೋದು. ನಿಮ್ಮ ಮಾತು ಒಂದಿನಾನೂ ಮೀರಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗ ದೀಪ ಆರಿಸಿದ ಹಾಗೆ ಇಂಜಿನ್ನು ಆರಿಸಿದ್ದ. ಓದಿದ್ದು ಬೆಂಗಳೂರಿನ ಹಾಸ್ಟೆಲಿನಲ್ಲಿ. ಬಿಸಿ ಹಾಲನ್ನು ಆರಿಸುತ್ತಾರೆ, ಒದ್ದೆ ಕೂದಲನ್ನು ಆರಿಸುತ್ತಾರೆ, ಓಡಿ ಬಂದ ಬಂಡಿಯನ್ನೂ ಆರಿಸುತ್ತಾರೆ ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಬ್ಯಾಡ ಅಂದದ್ದನ್ನೇ ನನ್ನ ಮಾತಿನಂತೆ, ತಪ್ಪದೆ, ಪ್ರತಿಸಲವೂ ಮಾಡಿದ್ದ.

ನೀಲಮ್ಮ ಸೆರಗು ತೆಗೆದು ಬಿದ್ದು ಬಿದ್ದು ನಕ್ಕರು. ಗಿರಣಿಯ ಯಜಮಾನರೂ ನಕ್ಕರು. ಸಾವ್ಕಾರರು ನಗಲಿಲ್ಲ. ಅವರಿಗೆ ಹಿಡಿಯಲು ಹಗ್ಗ ಸಿಕ್ಕಿತ್ತು.

"ನೋಡ್ರಿ ಮತ್ತ! ಹುಡುಗಂದು ತಪ್ಪಿಲ್ಲ. ನೆಟ್ಟಗ ಹೇಳ್ದ ಇದ್ದದ್ದು ಈಕೀದು. ತಪ್ಪು ನಿಂದ ಆತಿಲ್ಲೋ?"

"ನಾ ಹೇಳಿದ್ದು ಕನ್ನಡರಿ. ಹಾಲು ಆರ್ಸು ಅಂದ್ರ ಯಾರಾದ್ರೂ ಒಲಿ ಆರ್ಸ್ತಾರೇನು?"

ಬಾಗಿಲ ಬಳಿಯಿಂದ ಆ ಹುಡುಗಿ ಮೊದಲ ಸಲ ಬಾಯಿ ತೆರೆದಳು. "ಒಲಿ ಆರ್ಸಿದ್ರೂ ಹಾಲು ಆರ್ತೈತಲ್ರಿ ಅಮ್ಮ."

ಚುರುಕು ಇದ್ದಳು. ಅವಳನ್ನು ನೋಡಿ ಹೇಳಿದೆ: "ಆರ್ತೈತಿ ತಾಯಿ. ಹಾಲು ತಡ್ಕೊಂತೈತಿ, ಎಣ್ಣಿ ತಡ್ಕೊಳ್ಳಂಗಿಲ್ಲ. ತಿಳೀಲಿಲ್ಲಂದ್ರ ಈ ಹುಡುಗ ಕೇಳ್ಬೇಕಾಗಿತ್ತು. ನಟ್ಟಿಗೆ ಕೈಹಾಕಾಕ ಬರ್ತೈತಿ, ಕೇಳಾಕ ಬರಂಗಿಲ್ಲೇನು?"

"ವಾದ ಬ್ಯಾಡ" ಎಂದರು ಸಾವ್ಕಾರರು. ದನಿ ಇಳಿದಿತ್ತು, ಇಳಿದಾಗಲೇ ಅವರಿಗೆ ಹೆದರಬೇಕು. "ಎಲ್ಲಾರೂ ನಕ್ಕಿದ್ದಾತು. ಈಗ ಎರಡು ಮಾತು ಅಂದ್ರ ನಿನ್ನ ಗಂಟೇನು ಹೋಗ್ತೈತಿ?"

"ಹೋಗ್ತೈತ್ರಿ. ನಾಳೆ ಒಬ್ಬ ಲಾರಿಯಂವ ಬುಗುರಿ ಸುಟ್ಕೊಂಡು ಬಂದು, ಅವತ್ತು ಸಾವ್ಕಾರರ ಕಾರಿಗೆ ತಪ್ಪು ಒಪ್ಕೊಂಡಿದ್ದಿ, ಇದೂ ನಿಂದ ಅಂತಾನ. ಹೆಣ್ಮಗಳು ಕೈ ಹಚ್ಚಿದ್ಲು ಅದಕ್ಕ ಕೆಟ್ತು ಅಂತ ರಸ್ತಿ ತುಂಬ ಅಂತಾರ. ನನ್ನ ಹತ್ರ ಇರೋದು ಈ ಕೈ ಒಂದ. ನನ್ನ ಕೆಲಸದಾಗ ತಪ್ಪಿಲ್ಲ. ಇಲ್ಲದ್ದನ್ನ ಐತಿ ಅಂತ ಅನ್ನಂಗಿಲ್ಲ."

ನಮ್ಮವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಂದಳೋ ಇಲ್ಲವೋ ಅಂತ ತಿಳಿಯದೆ, "ಅಂದೀ ಏನು?" ಎಂದು ಕೂಗಿದರು. ನಾನು ತಲೆ ಅಡ್ಡ ಆಡಿಸಿದೆ. ಅವರು ಹಣೆ ಚಚ್ಚಿಕೊಂಡರು.

ನೀಲಮ್ಮ ಇಬ್ಬರಿಗೂ ಮಜ್ಜಿಗೆ ಕೊಟ್ಟರು. ಕುಡಿದು, ಬುಗುರಿ ಸುತ್ತಿಕೊಂಡು ಬಸ್ಸು ಹತ್ತಿದೆವು. ಬಸ್ಸಿನ ತುಂಬ ಜನ ಕೇಳುವಂತೆ ನಮ್ಮವರು, "ನಿನ್ನ ಬಾಯಿಂದ ತಲಿ ಮ್ಯಾಲಿನ ನೆಳ್ಳು ಹೋತು" ಅಂತ ಬೈಯುತ್ತ ಬಂದರು. "ನೆಳ್ಳು ತಗಡಿಂದು, ತಗಡು ನಮ್ದು, ಬಿಚ್ಕೊಂಡು ಹೋಗೂಣು" ಅಂತ ನಾನೂ ಕೂಗಿದೆ. ಕಂಡಕ್ಟರ್ ಸೀಟಿ ಊದುವುದು ಬಿಟ್ಟು ನಮ್ಮನ್ನೇ ನೋಡುತ್ತಿದ್ದ.

ವಾರ ಕಳೆಯುವ ಮೊದಲೇ ಶೆಡ್ಡಿನ ಬಾಯಿಗೆ ಅಡ್ಡವಾಗಿ ಸಾವ್ಕಾರರ ಒಂದು ಲಾರಿ ಬಂದು ನಿಂತಿತು. ಡ್ರೈವರು ನಮ್ಮಲ್ಲೇ ಚಹ ಕುಡಿಯುತ್ತಿದ್ದವನು, ವಡ್ಡು ಅನ್ನುವ ಊರಿನ ಹುಲುಗಪ್ಪ. "ಅಮ್ಮಾ, ನಾ ಏನ್ ಮಾಡ್ಲಿ, ಹೇಳ್ಯಾರ, ನಿಲ್ಲಿಸೀನಿ" ಅಂದ. "ನಿಲ್ಲಿಸಿದ್ದು ಚಲೋ ಆತು, ಅದ್ರಾಗ ತಗಡು ಹೇರು" ಎಂದೆ. ಹೇರಿದ. ಸಾವ್ಕಾರರ ಲಾರಿಯಲ್ಲೇ ನಮ್ಮ ಶೆಡ್ಡು ಹೋಯಿತು.

ಅಷ್ಟು ಹೊತ್ತಿಗೆ ಖಾದರನೂ ತನ್ನ ಲೇಥನ್ನು ಕಾಲುವೆ ದಂಡೆಯ ಸ್ವಂತ ಜಾಗಕ್ಕೆ ಸಾಗಿಸಿದ್ದ. ಅವನ ಹಿತ್ತಲಲ್ಲಿ ತಗಡು ನಿಲ್ಲಿಸಿದೆವು. ಮಳೆ ಶುರುವಾಯಿತು. ಕೆಂಪು ಧೂಳು ಕೆಂಪು ಕೆಸರಾಯಿತು. ಅಡ್ಡಗೋಡೆ ಇಲ್ಲದ್ದಕ್ಕೆ ಗಾಳಿ, ಎರಚಲು, ಬಾಳೆತೋಟದ ನುಸಿ ಎಲ್ಲ ಒಳಗೇ. ಬುಗುರಿ ಬಿಚ್ಚಿದಾಗ ಒಂದು ಸೊಳ್ಳೆ ಬಿದ್ದರೂ ಕೆಟ್ಟೀತು. ಮನೆಯಿಂದ ಸೊಳ್ಳೆಪರದೆ ತಂದು ಕಟ್ಟಿ, ಅದರೊಳಗೆ ಚಾಪೆ ಹಾಸಿ, ಕೂತು ಕೆಲಸ ಮಾಡಿದೆ. "ಅಮ್ಮಾವ್ರು ಪಲ್ಲಕ್ಕಿ ಒಳಗ ಅದಾರ, ನಿಲ್ಲು" ಅಂತ ಡ್ರೈವರುಗಳು ನಗುತ್ತಿದ್ದರು. ನಕ್ಕವರೆಲ್ಲ ಬಂಡಿ ತಂದರು. ದರೋಜಿ ಕಡೆಯ ಇಟ್ಟಿಗೆ ಲಾರಿ, ಕಂಪ್ಲಿಯ ಭತ್ತದ ಲಾರಿ, ಕಬ್ಬಿನ ಲಾರಿ. ಸಾವ್ಕಾರರ ಲಾರಿಗಳಿಗೆ ಮಾತ್ರ ನಮ್ಮ ಕಡೆ ತಿರುಗಬಾರದು ಅಂತ ಅಪ್ಪಣೆ ಆಗಿತ್ತು. ಅವು ರಸ್ತೆಯಲ್ಲಿ ಕರ್ರಗೆ ಹೊಗೆ ಕಾರುತ್ತ ಹೋಗುವುದು ಪರದೆಯೊಳಗಿಂದಲೇ ಕಾಣುತ್ತಿತ್ತು.

ವಿನಯ ಬಂದ. ಮುಂಬೈಯಿಂದ ಮತ್ತೆ ಸಾಮಾನು ತರಿಸಿಕೊಂಡೇ ಬಂದಿದ್ದ.

"ಅಪ್ಪಗ ಗೊತ್ತಿಲ್ರಿ."

"ನನಗೇನು ಅದ್ರಿಂದ? ಕುಂದ್ರು."

ಪರದೆಯ ಹೊರಗೆ ಕೂತು ಕೇಳಿದ್ದು ಕೊಡುತ್ತ ಹೋದ. ಕೆಲಸ ಮುಗಿದಾಗ, "ಈ ಸಲ ಬಿಡಿಸಿ ಹೇಳ್ರಿ ಅಮ್ಮ, ಏನ್ ಮಾಡ್ಬೇಕು?" ಎಂದ.

"ಆರ್ಸಿ ಇಳಿ."

"ಅಮ್ಮಾ…"

"ತಿಳೀಲಿಲ್ಲಂದ್ರ ಕಂಪ್ಲಿಗೆ ಹೋಗಿ ಬಾಗ್ಲ ಹತ್ರ ನಿಂತಾಕೀನ್ನ ಕೇಳು. ಆಕಿಗೆ ತಿಳದೈತಿ."

ಹುಡುಗನ ಕಿವಿ ಕೆಂಪಾಯಿತು. ಆ ಮಳೆಗಾಲ ಮುಗಿಯುತ್ತಲೇ ಅವರಿಬ್ಬರ ಮದುವೆ ಆಯಿತು. ನಮ್ಮನ್ನು ಕರೆಯಲಿಲ್ಲ. ನೀಲಮ್ಮ ಒಂದು ಚೀಲ ಅಕ್ಕಿ ಕಳಿಸಿದರು.

ಮದುವೆಯಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ, ಕಾಲುವೆ ಸೇತುವೆಯ ಮೇಲೆ ಸಾವ್ಕಾರರ ಲಾರಿಯೊಂದು ದಮ್ಮು ಕಟ್ಟಿ ನಿಂತುಬಿಟ್ಟಿತು. ಹಿಂದೆ ಊರಿನ ಬಂಡಿಗಳೆಲ್ಲ ನಿಂತು ಹಾರನ್ ಒತ್ತತೊಡಗಿದವು. ಲಾರಿಯ ಹಿಂದೆಯೇ ಸಾವ್ಕಾರರ ಜೀಪಿತ್ತು. ಲಾರಿಯನ್ನು ಜನ ಸೇರಿ ನಮ್ಮ ಮುಂದಕ್ಕೆ ತಳ್ಳಿದರು. ಸಾವ್ಕಾರರು ಇಳಿದು, ಪಂಚೆ ಎತ್ತಿ ಹಿಡಿದು, ಕಾಲುವೆ ದಂಡೆಯ ಕೆಸರಲ್ಲಿ ಕಾಲಿಡುತ್ತ ಬಂದರು. ನಾನು ಪರದೆ ಸರಿಸಿ ಹೊರಗೆ ಬಂದೆ.

"ಕುಂದ್ರಿ ಸಾವ್ಕಾರ್ರ, ಚಾ ತರಿಸ್ತೀನಿ."

ಕೂರಲಿಲ್ಲ. ತಗಡು ನೋಡಿದರು, ಪರದೆ ನೋಡಿದರು. "ಏನ್ ಹೆಣ್ಮಗಳವ್ವಾ ನೀನು! ಸಾಕಾತು. ಹಳೇ ಜಾಗಕ್ಕ ಬಂದ್ಬಿಡ್ರಿ. ಲಾರಿ ಎಲ್ಲಾ ಮೊದಲಿನಂಗ ಬರ್ತಾವ. ಕಂಪ್ಲಿಯೊಳಗ ಅನ್ನೋದು ಬ್ಯಾಡ. ಇಲ್ಲೇ, ನನ್ನೊಬ್ಬನ ಮುಂದ ಅಂದ್ಬಿಡು, ಸಾಕು."

"ಇಲ್ರಿ."

"ಯಾರೂ ಕೇಳಂಗಿಲ್ಲಲ್ಲ!"

"ನಾ ಕೇಳ್ತೀನಲ್ರಿ."

ನಮ್ಮವರು ಕೈ ಒರೆಸಿಕೊಳ್ಳುತ್ತ ಬಂದು, "ಏನಂತಾರ?" ಅಂದರು. "ಶೆಡ್ ವಾಪಸ್ ಕೊಡ್ತಾರಂತ! ತಪ್ಪು ನಮ್ದು ಅನ್ಬೇಕಂತ!" ಎಂದು ಕೂಗಿದೆ. ಸೇತುವೆಯ ಮೇಲಿನವರಿಗೂ ಕೇಳಿಸಿತು. ಯಾರೋ ನಕ್ಕರು. ಈ ಮುದುಕ ಈಗ ಅಂದೇಬಿಡುತ್ತಾನೆ ಅಂದುಕೊಂಡೆ. ಬಸ್ಸಿನಲ್ಲಿ ಬೈದದ್ದು, ಮಳೆಯಲ್ಲಿ ನೆನೆದಾಗೆಲ್ಲ ಬೈದದ್ದು ನೆನಪಾಯಿತು. ಅವರು ಸಾವ್ಕಾರರನ್ನು ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಬ್ಯಾಡ್ರಿ ಸಾವ್ಕಾರ್ರ. ಅಲ್ಲಿ ಧೂಳು ಭಾಳ."

 ಸಾವ್ಕಾರರು ಲಾರಿಯ ಕಡೆ ಮುಖ ಮಾಡಿ, "ಹೋಗ್ಲಿ, ಲಾರಿಯಾದ್ರೂ ನೋಡ್ತೀಯಿಲ್ಲೋ?" ಎಂದರು.

"ಯಾಕ ನೋಡಂಗಿಲ್ಲ, ನೋಡ್ತೀನ್ರಿ. ದರೋಜಿ ಇಟ್ಟಿಗಿ ಲಾರಿ ಮೊದ್ಲ ಬಂದೈತಿ. ಅದರ ಹಿಂದ ನಿಲ್ಲಿಸ್ರಿ."

ಅವರ ಲಾರಿಗೆ ಯಾರ ಹಿಂದೆಯೂ ನಿಂತು ಅಭ್ಯಾಸವಿರಲಿಲ್ಲ. ಡ್ರೈವರು ಧಣಿಯ ಮುಖ ನೋಡಿದ. ಸಾವ್ಕಾರರು ಕೈಯಲ್ಲೇ ಹಿಂದಕ್ಕೆ ಅಂತ ಸನ್ನೆ ಮಾಡಿದರು. ಜನ ತಳ್ಳಿದರು, ಲಾರಿ ಹೋಗಿ ಇಟ್ಟಿಗೆ ಲಾರಿಯ ಹಿಂದೆ ನಿಂತಿತು. ನಾನು ಪರದೆ ಎತ್ತಿ ಒಳಗೆ ಹೋಗಿ ಕೂತು, ಇಟ್ಟಿಗೆ ಲಾರಿಯ ಬುಗುರಿಗೆ ಪಾನಾ ಹಾಕಿದೆ.